ಆಯಿಯ ಮಾವಿನಹಣ್ಣಿಗೆ ಹೊಸ ಬಣ್ಣ

ಹೋದ ಶ್ರಾವಣದಲ್ಲಿ ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಒಂದು ಜಗಳ ಶುರುವಾಯ್ತು. ಆಸ್ತಿ ಜಗಳ ಅಲ್ಲ, ಹಣ್ಣಿನ ಜಗಳ. ಅದೂ ತಿನ್ನೋ ಹಣ್ಣಲ್ಲ, ಗೋಕಾಕದ ಹಣ್ಣು.

ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡ್ತೀನಿ. ಗೋಕಾಕ ಅಂದ ಕೂಡಲೇ ನಿಮಗೆ ಕರದಂಟು ನೆನಪಾಗುತ್ತೆ. ವೀಕೆಂಡ್ ಟ್ರಿಪ್ ಮಾಡುವವರಾದರೆ ಘಟಪ್ರಭಾ ನದಿ ಸುಮಾರು 52 ಮೀಟರ್ ಎತ್ತರದಿಂದ ಬೀಳುವ ಫಾಲ್ಸು, ಅದರ ಪಕ್ಕದ ತೂಗುಸೇತುವೆ ನೆನಪಾಗುತ್ತೆ. ನಮ್ಮ ಆಯಿಯ ಕಾಲದವರಿಗೆ ಗೋಕಾಕ ಅಂದ್ರೆ ಆಟಿಗೆ ಸಾಮಾನು. (ಆಯಿ ಅಂದ್ರೆ ನಮ್ಮ ಕಡೆ ಅಜ್ಜಿ.) ಚಿತ್ರಗಾರರು, ಜೀನಗಾರರು ಅಂತ ಕರೆಸಿಕೊಳ್ಳುವ ಮನೆತನಗಳು ಹಗುರ ಮರದಲ್ಲಿ, ಮಣ್ಣಿನಲ್ಲಿ, ಆಮೇಲಾಮೇಲೆ ಕಾಗದದ ಮುದ್ದೆಯಲ್ಲಿ ಗೊಂಬೆಗಳನ್ನೂ ಹಣ್ಣು-ಕಾಯಿಪಲ್ಯೆಗಳನ್ನೂ ಮಾಡುತ್ತಾ ಬಂದಿವೆ. ಮಾವು, ಪೇರಲ, ಸೀತಾಫಲ, ಬದನೆಕಾಯಿ, ಮೆಣಸಿನಕಾಯಿ ಎಲ್ಲವೂ ನಿಜದ ಅಳತೆಯಲ್ಲೇ ಇರುತ್ತವೆ. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲೂ ಗೋಕಾಕದ ಈ ಆಟಿಗೆಗಳ ಪ್ರಸ್ತಾಪ ಬರುತ್ತದೆ. ಮನೆಗೆ ಬಂದವರ ಮುಂದೆ ತಟ್ಟೆಯಲ್ಲಿಟ್ಟು "ತೊಗೋರಿ" ಅಂತ ಚಾಷ್ಟಿ ಮಾಡೋದು ಆ ಕಾಲದ ಪ್ರ್ಯಾಂಕು.

ನಮ್ಮ ಆಯಿಯ ತವರು ಗೋಕಾಕ. ಮದುವೆಯಲ್ಲಿ ಅವಳ ಜೊತೆ ಒಂದು ಟ್ರಂಕು ಬಂತಂತೆ, ಅದರೊಳಗೆ ಹಳೆಯ ಇಳಕಲ್ ಸೀರೆಯಲ್ಲಿ ಸುತ್ತಿದ ಹದಿನಾಲ್ಕು ಹಣ್ಣು. ವರ್ಷಕ್ಕೊಮ್ಮೆ ಗಣಪತಿ ಮುಂದೆ ಜೋಡಿಸಿಡುವುದು, ಹಬ್ಬ ಮುಗಿದ ಮೇಲೆ ಮತ್ತೆ ಸೀರೆಯಲ್ಲಿ ಸುತ್ತಿ ಒಳಗಿಡುವುದು. ಆಯಿ ಹೋದ ಮೇಲೆ ಟ್ರಂಕು ಹುಕ್ಕೇರಿಯ ಅತ್ತಿ ಮನೆಗೆ ಹೋಯ್ತು. ಈಗ ಹದಿನಾಲ್ಕರಲ್ಲಿ ಒಂಬತ್ತು ಉಳಿದಿವೆ. ಮಾವಿನಹಣ್ಣಿನ ಕೆಂಪು ಮಾಸಿ ತುಕ್ಕಿನ ಬಣ್ಣಕ್ಕೆ ತಿರುಗಿದೆ. ಸೀತಾಫಲದ ಒಂದು ಮಗ್ಗುಲಲ್ಲಿ ಲೇಪ ಕಿತ್ತು ಒಳಗಿನ ಬಿಳಿ ಕಾಣುತ್ತದೆ. ಬದನೆಕಾಯಿಯ ಮೈತುಂಬ ಕೂದಲೆಳೆಯಂಥ ಬಿರುಕು.

ಅತ್ತಿ ವಾಯ್ಸ್ ಮೆಸೇಜ್ ಹಾಕಿದಳು: "ಹಣ್ಣ ಪೂರಾ ಮಂಕ್ ಆಗ್ಯಾವ. ಗಣಪತಿ ಮುಂದ ಇಡಾಕ ನಾಚಿಕಿ ಬರ್ತೈತಿ. ಬಜಾರದಾಗ ಆಯಿಲ್ ಪೇಂಟಿನ ಸಣ್ಣ ಡಬ್ಬಿ ಸಿಗ್ತಾವ, ಹುಡುಗ್ರ ಕಡೀಂದ ಹಚ್ಚಿಸಿಬಿಡ್ತೀನಿ."

ಮೂಡಲಗಿಯಿಂದ ಕಾಕಾ ತಕ್ಷಣ ಉತ್ತರ ಕೊಟ್ಟ. ಮೂಡಲಗಿ ಮೊದಲು ಗೋಕಾಕ ತಾಲೂಕಿನೊಳಗಿತ್ತು, ಈಗ ತಾನೇ ಒಂದು ತಾಲೂಕು. ಕಾಕಾ ರಿಟೈರ್ಡ್ ಮಾಸ್ತರ್. "ಅಕ್ಕಾ, ಒಂದ್ ಹನಿ ಬಣ್ಣಾ ಹಚ್ಚೀರಿ ಅಂದ್ರ ನೋಡ್ರಿ ಮತ್ತ. ಅವು ಆ್ಯಂಟಿಕ್ ಅದಾವ. ನನ್ ಕಡೆ ಕೊಡ್ರಿ, ಗಾಜಿನ ಕಪಾಟಿನ್ಯಾಗ ಲೈಟ್ ಹಾಕಿ ಇಡ್ತೀನಿ."

ನನ್ನನ್ನು ಇಬ್ಬರೂ ಪಂಚಾಯ್ತಿಗೆ ಎಳೆದರು. ಬೆಂಗಳೂರಿನಲ್ಲಿ ಕೂತು ಲ್ಯಾಪ್‌ಟಾಪ್ ಕುಟ್ಟುವ ನನಗೆ ಬಣ್ಣದ ವಿಷಯ ಏನು ಗೊತ್ತು ಅಂತ ಯಾರೂ ಕೇಳಲಿಲ್ಲ. ಕೇಳಿದ್ದರೆ ಒಂದು ತಪ್ಪೊಪ್ಪಿಗೆ ಮಾಡಬೇಕಾಗುತ್ತಿತ್ತು. ಇಲ್ಲೇ ಮಾಡ್ತೀನಿ.

ನಮ್ಮ ಅಜ್ಜ ರೈಲ್ವೆಯಲ್ಲಿದ್ದ. ಮಿರಜ-ಲೋಂಡಾ ಲೈನು ಆಗ ಮೀಟರ್‌ಗೇಜು. ಅವನು ಯಾವಾಗಲೋ ಬಾಂಬೆಗೆ ಹೋದಾಗ ಮಕ್ಕಳಿಗೆಂದು ಒಂದು ತಗಡಿನ ಆಟಿಗೆ ಎಂಜಿನ್ ತಂದಿದ್ದ. ಕೀಲಿ ಕೊಟ್ಟರೆ ಓಡುವಂಥದ್ದು. ಅದು ನನ್ನ ಕೈಗೆ ಬರುವಷ್ಟರಲ್ಲಿ ಸ್ಪ್ರಿಂಗು ಹೋಗಿತ್ತು, ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು, ಪಕ್ಕದಲ್ಲಿ ಏನೋ ಅಕ್ಷರಗಳಿದ್ದವು. ಡಿಗ್ರಿ ಓದುವಾಗ ರಜೆಯಲ್ಲಿ ಒಂದು ದಿನ ಉತ್ಸಾಹ ಬಂತು. ಪಾಲಿಶ್ ಪೇಪರ್ ತಗೊಂಡು ತಗಡು ಫಳಫಳ ಅನ್ನುವ ತನಕ ತಿಕ್ಕಿದೆ. ಕೆಂಪು ಎನಾಮೆಲ್ ಹೊಡೆದೆ, ಚಕ್ರಕ್ಕೆ ಕಪ್ಪು. ಒಣಗಿದ ಮೇಲೆ ಅಜ್ಜನಿಗೆ ತೋರಿಸಿದೆ. ಅವನು ಕೈಯಲ್ಲಿ ಹಿಡಿದು, ಆ ಕಡೆ ಈ ಕಡೆ ತಿರುಗಿಸಿ, "ಚಲೋ ಆಗೇತಿ" ಅಂದ. ಆಮೇಲೆ ಕೇಳಿದ: "ನಮ್ದ ಎಲ್ಲೈತಿ?"

ಅವನು ತಮಾಷೆ ಮಾಡ್ತಿದ್ದಾನೆ ಅಂದ್ಕೊಂಡೆ. ಆ ಅಕ್ಷರಗಳು ಏನಿದ್ದವು ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ಫೋಟೋ ಇಲ್ಲ, ಅಜ್ಜನೂ ಇಲ್ಲ. ಯಾವ ದೇಶದ್ದು, ಯಾವ ಕಂಪನಿಯದ್ದು, ಯಾವ ಕಾಲದ್ದು ಅಂತ ಹೇಳುವ ಒಂದೇ ಸಾಕ್ಷಿಯನ್ನು ನಾನೇ ಹತ್ತು ರೂಪಾಯಿಯ ಕಾಗದದಲ್ಲಿ ಒರೆಸಿ ಹಾಕಿದ್ದೆ.

ಹಳೆಯ ಆಟಿಗೆ ರೈಲುಗಳನ್ನು ಸಂಗ್ರಹಿಸುವವರ ಲೋಕದಲ್ಲಿ ಈ ಪಾಠ ಎಲ್ಲರಿಗೂ ಬಾಯಿಪಾಠ. ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಫ್ರಾಂಕ್ ಹಾರ್ನ್‌ಬಿಯ ಕಂಪನಿ 1920ರಲ್ಲಿ ಆಟಿಗೆ ರೈಲು ಮಾಡಲು ಶುರು ಮಾಡಿತು. 1923ರಲ್ಲಿ ಅಲ್ಲಿನ ರೈಲು ಕಂಪನಿಗಳೆಲ್ಲ ಸೇರಿ ನಾಲ್ಕು ದೊಡ್ಡ ಕಂಪನಿಗಳಾದವು. ಆಟಿಗೆಯ ಎಂಜಿನ್ನುಗಳೂ ಆ ಬಣ್ಣಗಳನ್ನೇ ತೊಟ್ಟವು. ಎಲ್‌ಎಂಎಸ್ ಅಂದ್ರೆ ಕಡುಗೆಂಪು, ಎಲ್‌ಎನ್‌ಇಆರ್ ಅಂದ್ರೆ ಹಸಿರು. ಅಚ್ಚು ಒಂದೇ ಇದ್ದರೂ ಬಣ್ಣ, ಅಕ್ಷರ, ಗೆರೆಗಳನ್ನು ನೋಡಿ ಯಾವ ಕಾಲದ್ದು ಅಂತ ಬಲ್ಲವರು ಅಂದಾಜು ಮಾಡುತ್ತಾರೆ. ತಗಡಿನ ಮೇಲೆ ನೇರ ಅಚ್ಚು ಹಾಕಿದ ಲಿಥೋ ಚಿತ್ರವಾದರಂತೂ ಅದನ್ನು ಕುಂಚದಲ್ಲಿ ಮತ್ತೆ ಬರೆಯುವುದು ಅಸಾಧ್ಯ. ಹಾಗಾಗಿ ಅಮೆರಿಕದಲ್ಲಿ 1954ರಲ್ಲಿ ಹುಟ್ಟಿದ ಟ್ರೇನ್ ಕಲೆಕ್ಟರ್ಸ್ ಅಸೋಸಿಯೇಷನ್‌ನಂಥ ಸಂಘಗಳು ಆಟಿಗೆಯ ಸ್ಥಿತಿಗೆ ದರ್ಜೆಗಳನ್ನು ಇಟ್ಟಿವೆ. ಮತ್ತೆ ಬಣ್ಣ ಹಚ್ಚಿದ್ದಾದರೆ ಅದನ್ನು ಬಾಯಿಬಿಟ್ಟು ಹೇಳಬೇಕು, ಮುಚ್ಚಿಟ್ಟು ಮಾರೋದು ಮೋಸ. ಬಣ್ಣ ಎದ್ದ ಒರಿಜಿನಲ್ಲಿಗೆ ಸಿಗುವ ಬೆಲೆ ಎಷ್ಟೋ ಸಲ ಹೊಳೆಯುವ ರೀಪೇಂಟಿಗೆ ಸಿಗುವುದಿಲ್ಲ.

ಇದನ್ನೆಲ್ಲ ಓದಿಕೊಂಡಿದ್ದ ನಾನು ಕಾಕಾನ ಪಕ್ಷ ಹಿಡಿದೆ. "ಅತ್ತಿ, ಹಚ್ಚಬ್ಯಾಡ್ರಿ" ಅಂತ ಉದ್ದುದ್ದ ಮೆಸೇಜ್ ಬರೆದೆ. ಅತ್ತಿ ಒಂದೇ ಸಾಲು ಹಾಕಿದಳು: "ದ್ಯಾಮವ್ವಗ ಬಣ್ಣಾ ಹಚ್ಚಂಗಿಲ್ಲನ ತಮ್ಮಾ?"

ಇಲ್ಲಿ ನಾನು ಸಿಕ್ಕಿಹಾಕಿಕೊಂಡೆ.

ಉತ್ತರ ಕರ್ನಾಟಕದ ಎಷ್ಟೋ ಊರುಗಳಲ್ಲಿ ಗ್ರಾಮದೇವಿ ಮರದವಳು. ದ್ಯಾಮವ್ವ, ದುರ್ಗವ್ವ, ಲಕ್ಷ್ಮವ್ವ, ಹೆಸರು ಊರಿಗೊಂದು. ಒಂದೂರಲ್ಲಿ 5 ವರ್ಷಕ್ಕೊಮ್ಮೆ, ಇನ್ನೊಂದರಲ್ಲಿ 9 ಅಥವಾ 12 ವರ್ಷಕ್ಕೊಮ್ಮೆ ಜಾತ್ರೆ. ಜಾತ್ರೆಗೆ ಮೊದಲು ದೇವಿಗೆ ಹೊಸ ಬಣ್ಣ. ಹಚ್ಚುವ ಹಕ್ಕು ಗೊತ್ತಾದ ಮನೆತನದ್ದು. ಶಿರಸಿಯ ಮಾರಿಕಾಂಬೆಯೂ ಮರದ ದೇವಿಯೇ, 2 ವರ್ಷಕ್ಕೊಮ್ಮೆ ಜಾತ್ರೆ, ಅಲ್ಲಿ ಬಣ್ಣದ ಕೆಲಸ ಗುಡಿಗಾರರದ್ದು. ಪುರಿಯ ಜಗನ್ನಾಥನ ಕತೆ ಇನ್ನೂ ದೊಡ್ಡದು. ಪ್ರತಿವರ್ಷ ಸ್ನಾನಪೂರ್ಣಿಮೆಯ ಆಮೇಲೆ ದರ್ಶನ ನಿಲ್ಲಿಸಿ ಮೂರ್ತಿಗಳಿಗೆ ಬಣ್ಣ ಹಚ್ಚುತ್ತಾರೆ. ಅದೂ ಸಾಲದೆ ಕೆಲವು ವರ್ಷಕ್ಕೊಮ್ಮೆ ಇಡೀ ಮರದ ಮೈಯನ್ನೇ ಬದಲಿಸುತ್ತಾರೆ. 1996ರಲ್ಲಿ ಬದಲಿಸಿದರು, ಮತ್ತೆ 2015ರಲ್ಲಿ. ಅಲ್ಲಿ ನಿಂತು ಯಾರಾದರೂ "ಒರಿಜಿನಲ್ ಫಿನಿಶ್ ಹಾಳು ಮಾಡಬೇಡಿ" ಅಂದ್ರೆ ಜನ ನಕ್ಕಾರು.

ಅಂದರೆ ಅತ್ತಿಯ ಮಾತು ಹಳ್ಳಿಯವಳ ಅಜ್ಞಾನ ಅಲ್ಲ. ಅವಳ ಹಿಂದೆ ಕಾಕಾನ ಗಾಜಿನ ಕಪಾಟಿಗಿಂತ ಹಳೆಯ ಒಂದು ತತ್ವ ಇದೆ. ಬಣ್ಣ ಮಾಸಿದ್ದು ಅಂದ್ರೆ ಅಲಕ್ಷ್ಯ, ಹೊಸ ಬಣ್ಣ ಅಂದ್ರೆ ಪ್ರೀತಿ. ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕು, ಊಹೆ ಶುರುವಾಗುವ ಕಡೆ ದುರಸ್ತಿ ನಿಲ್ಲಬೇಕು ಅನ್ನುವ ಮಾತು 1964ರ ವೆನಿಸ್ ಸನ್ನದಿನಲ್ಲಿ ಬಂತು. ಅದು ಸ್ಮಾರಕಗಳಿಗೆ ಬರೆದ ನಿಯಮ. ಅದನ್ನು ತಂದು ಅತ್ತಿಯ ದೇವರ ಮುಂದಿನ ತಟ್ಟೆಗೆ ಹಾಕೋದು ಸರಿಯಾ?

ಸರಿ, ಊರಿಗೆ ಹೋಗೋಣ ಅಂತ ಹೊರಟೆ. ದಾರಿಯಲ್ಲಿ ಹುಬ್ಬಳ್ಳಿಯ ರೈಲ್ವೆ ಮ್ಯೂಸಿಯಮ್ಮಿಗೆ ಹೊಕ್ಕೆ. 2020ರಲ್ಲಿ ತೆರೆದದ್ದು. ಮಲಪ್ರಭಾ, ಘಟಪ್ರಭಾ ಅಂತ ಹೆಸರಿರುವ ಎರಡು ಹಳೆಯ ಮನೆಗಳ ಒಳಗೆ ಗ್ಯಾಲರಿ, ಹೊರಗೆ ಬಯಲಲ್ಲಿ ನ್ಯಾರೋಗೇಜ್ ಎಂಜಿನ್ನುಗಳು. ಹೊರಗಿನ ಎಂಜಿನ್ನಿಗೆ ಹೊಸದಾಗಿ ಹಚ್ಚಿದ ಬಣ್ಣ ನೋಡಿ ಮೊದಲು ಮೂಗು ಮುರಿದೆ. ಐದು ನಿಮಿಷ ಅಲ್ಲೇ ನಿಂತ ಮೇಲೆ ಮೂಗು ನೆಟ್ಟಗಾಯ್ತು. ಮಳೆ-ಬಿಸಿಲಲ್ಲಿ ನಿಂತ ಕಬ್ಬಿಣಕ್ಕೆ ಬಣ್ಣ ಅಂದ್ರೆ ರೇನ್‌ಕೋಟು. ಹಚ್ಚದಿದ್ದರೆ ಎಂಜಿನ್ನೇ ತುಕ್ಕು ಹಿಡಿದು ಹೋಗುತ್ತೆ. ಓಡಿಸುತ್ತಿದ್ದ ಕಾಲದಲ್ಲೂ ವರ್ಕ್‌ಶಾಪಿಗೆ ಹೋದಾಗೆಲ್ಲ ಅದಕ್ಕೆ ಬಣ್ಣ ಬೀಳುತ್ತಲೇ ಇತ್ತು. ಹಾಗಾಗಿ ಅಲ್ಲಿ ಹೊಸ ಬಣ್ಣ ತಪ್ಪಲ್ಲ. ಯಾವ ಬಣ್ಣ, ಯಾವ ಕಾಲದ ಬಣ್ಣ ಅನ್ನೋದು ಮಾತ್ರ ಪ್ರಶ್ನೆ.

ಬಸ್ಸಿನಲ್ಲಿ ಕೂತು ಯೋಚಿಸಿದೆ. ಎಂಜಿನ್ನಿಗೆ ಬಣ್ಣ ಅಂಗಿ, ದ್ಯಾಮವ್ವಗೆ ಬಣ್ಣ ಸೇವೆ. ಗೋಕಾಕದ ಮಾವಿನಹಣ್ಣಿಗೆ ಬಣ್ಣ ಏನು?

ಉತ್ತರಕ್ಕೆ ಹಣ್ಣನ್ನೇ ನೋಡಬೇಕು. ಹುಕ್ಕೇರಿಯಲ್ಲಿ ಅತ್ತಿ ಟ್ರಂಕು ತೆರೆದಳು. ನಾನು ಬಿರುಕು ಬಿಟ್ಟ ಸೀತಾಫಲವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಲೇಪ ಕಿತ್ತ ಜಾಗದಲ್ಲಿ ಪದರಗಳು ಕಾಣುತ್ತವೆ. ಒಳಗೆ ಹಗುರ ಮರ. ಅದರ ಮೇಲೆ ಉಬ್ಬು-ತಗ್ಗು ತಿದ್ದಿದ ಮುದ್ದೆ. ಅದರ ಮೇಲೆ ನುಣ್ಣನೆಯ ಬಿಳಿ ಲೇಪ. ಅದರ ಮೇಲೆ ಬಣ್ಣ, ಕೊನೆಗೆ ಹೊಳಪಿನ ಪಾರದರ್ಶಕ ಪದರ. ಬಿಳಿ ಲೇಪದ ಮಟ್ಟಕ್ಕೆ ಅದು ಒಂದು ಗಂಟು, ಅಷ್ಟೇ. ಅದನ್ನು ಸೀತಾಫಲ ಮಾಡಿದ್ದು ಕೊನೆಯ ಆ ತೆಳು ಬಣ್ಣ. ಕಣ್ಣುಗಳ ನಡುವೆ ಓಡುವ ತಿಳಿಹಳದಿ, ಒಂದು ಮಗ್ಗುಲಿಗೆ ಮಾತ್ರ ಬೂದು ನೆರಳು, ತೊಟ್ಟಿನ ಹತ್ತಿರ ಕಂದು.

ಮಾವಿನಹಣ್ಣು ಇನ್ನೂ ಚೆಂದ. ಬಿಸಿಲು ತಾಕಿದ ಭುಜ ಮಾತ್ರ ಕೆಂಪು, ಕೆಳಕ್ಕೆ ಬರುತ್ತಾ ಹಳದಿ, ತುದಿಯಲ್ಲಿ ಇನ್ನೂ ಮಾಗದ ಹಸಿರು. ಮೂರೂ ಬಣ್ಣ ಒಂದರೊಳಗೊಂದು ಎಲ್ಲಿ ಕರಗುತ್ತವೆ ಅಂತ ಬೆರಳಿಟ್ಟು ತೋರಿಸಲಾಗದು. ಹಳದಿಯ ಮೇಲೆ ಸಣ್ಣ ಸಣ್ಣ ಕಂದು ಚುಕ್ಕಿ, ಒಂದು ಕಡೆ ತೊಟ್ಟಿನಿಂದ ಸೊನೆ ಇಳಿದ ಕಲೆ. ಯಾವನೋ ಚಿತ್ರಗಾರ ನಿಜದ ಹಣ್ಣನ್ನು ಮುಂದಿಟ್ಟುಕೊಂಡು, ಸೊನೆಯ ಕಲೆಯನ್ನೂ ಬಿಡದೆ ನೋಡಿದ್ದಾನೆ. ಸೊನೆ ಕಲೆ ಇರುವ ಹಣ್ಣನ್ನು ಮಾರ್ಕೆಟ್ಟಿನಲ್ಲಿ ನಾವು ಬದಿಗಿಡ್ತೀವಿ. ಅವನು ಅದನ್ನೇ ಆರಿಸಿ ಬರೆದ, ಯಾಕಂದ್ರೆ ಆ ಕಲೆ ಇದ್ದರೆ ತಟ್ಟೆ ಮುಂದೆ ಕೂತ ಬೀಗರು ಮೋಸ ಹೋಗ್ತಾರೆ.

ಇದೇ ನನಗೆ ಸಿಕ್ಕ ಉತ್ತರ. ತಗಡಿನ ಎಂಜಿನ್ನಿನ ಬಣ್ಣ ಕಳೆದರೂ ಅದು ಎಂಜಿನ್ನಾಗಿ ಉಳಿಯುತ್ತೆ, ಅದರ ವಿಳಾಸ ಮಾತ್ರ ಅಳಿಸುತ್ತೆ. ಗೋಕಾಕದ ಹಣ್ಣಿನಲ್ಲಿ ಬಣ್ಣವೇ ಕೃತಿ. ಅದರ ಮೇಲೆ ಆಯಿಲ್ ಪೇಂಟ್ ಹೊಡೆದರೆ ಆಯಿಯ ಮಾವು ಹೊಸದಾಗುವುದಿಲ್ಲ. ಹಳೆಯ ಗಂಟಿನ ಮೇಲೆ ಪಕ್ಕದ ಮನೆ ಹುಡುಗರು ಬರೆದ ಬೇರೆಯದೇ ಹಣ್ಣೊಂದು ಕೂರುತ್ತೆ. ಚನ್ನಪಟ್ಟಣದ ಆಟಿಗೆಗೂ ಹೀಗೇ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದಾಗ ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತೆ. ಅದರ ಮೇಲೆ ಬ್ರಶ್ಶಿನಲ್ಲಿ ಬಣ್ಣ ಬಳಿದರೆ ಆ ಕಸುಬೇ ಮುಚ್ಚಿಹೋಯ್ತು.

ಈಗ ಫೋನಿನಲ್ಲಿ ಬರುವ ರಿಸ್ಟೋರೇಶನ್ ವಿಡಿಯೋಗಳ ಬಗ್ಗೆ ಒಂದು ಮಾತು. ನೀವೂ ನೋಡಿರ್ತೀರಿ, ನಾನೂ ರಾತ್ರಿ ಒಂದು ಗಂಟೆಗೆ ಮಲಗಿಕೊಂಡು ನೋಡ್ತೀನಿ. ತುಕ್ಕು ಹಿಡಿದ ಆಟಿಗೆ, ಮರಳು ಚಿಮ್ಮಿಸುವ ಮಷೀನು, ಬೆಳ್ಳಗೆ ಹೊಳೆಯುವ ತಗಡು, ಹೊಸ ಬಣ್ಣ, ಹಿನ್ನೆಲೆಯಲ್ಲಿ ಮೆಲುವಾದ ಸಂಗೀತ. ಮೊದಲು-ಆಮೇಲೆ ಎರಡು ಚಿತ್ರ ಅಕ್ಕಪಕ್ಕ. ನೋಡಲು ಹಿತವಾಗಿರುತ್ತೆ ಅನ್ನೋದು ಸುಳ್ಳಲ್ಲ. ಆದರೆ ಆ ಹಿತ ಎಲ್ಲಿಂದ ಬರುತ್ತೆ? ಹಳೆಯದನ್ನು ಅಳಿಸೋದರಿಂದ. ಆ ವಸ್ತುವಿಗೆ ಏನು ಬೇಕು ಅಂತ ಕೇಳದೆ, ನಮ್ಮ ಕಣ್ಣಿಗೆ ಏನು ಬೇಕು ಅಂತಷ್ಟೇ ಕೇಳುವ ಕಲೆ ಅದು. ಇನ್ನೊಂದು ವಿಷಯ ಆ ಸಂಗೀತದಲ್ಲಿ ಮುಚ್ಚಿಹೋಗುತ್ತೆ. ಹಳೆಯ ಆಟಿಗೆಗಳ ಬಣ್ಣದಲ್ಲಿ ಸೀಸ ಇರೋದು ಸಾಮಾನ್ಯ. ಪಾಲಿಶ್ ಪೇಪರಿನಲ್ಲಿ ತಿಕ್ಕಿದರೆ ಆ ಧೂಳು ಮನೆತುಂಬ ಹಾರುತ್ತೆ, ಸಣ್ಣ ಮಕ್ಕಳಿಗೆ ಅದು ವಿಷ. ನಾನು ಅಜ್ಜನ ಎಂಜಿನ್ ತಿಕ್ಕಿದ್ದು ಅಡುಗೆಮನೆಯ ಕಟ್ಟೆಯ ಮೇಲೆ!

ಹಾಗಂತ ಕಾಕಾ ಗೆದ್ದ ಅಂತಲೂ ಅಲ್ಲ. ಗಾಜಿನ ಕಪಾಟು, ಒಳಗೆ ಇಪ್ಪತ್ನಾಲ್ಕು ಗಂಟೆ ಉರಿಯುವ ಲೈಟು, ಬಾಗಿಲು ಭದ್ರ. ಬೆಳಕೇ ಬಣ್ಣದ ಶತ್ರು, ಅದರಲ್ಲೂ ಕೆಂಪು ಬೇಗ ಹಾರುವ ಬಣ್ಣ. ಆಯಿಯ ಹಣ್ಣುಗಳು ಇಷ್ಟು ವರ್ಷ ಬಾಳಿದ್ದೇ ವರ್ಷದ ಹೆಚ್ಚು ದಿನ ಕತ್ತಲ ಟ್ರಂಕಿನಲ್ಲಿ, ಹತ್ತಿ ಸೀರೆಯಲ್ಲಿ ಮಲಗಿದ್ದರಿಂದ. ಅಲ್ಲದೆ ಕಪಾಟಿನ ಮಾವು ಯಾರನ್ನೂ ಮೋಸ ಮಾಡದು. ಮೋಸ ಮಾಡದ ಗೋಕಾಕದ ಮಾವು ಅರ್ಧ ಸತ್ತಂತೆ.

ಮರುದಿನ ಮಾವನ್ನೂ ಸೀತಾಫಲವನ್ನೂ ಟವೆಲಿನಲ್ಲಿ ಸುತ್ತಿಕೊಂಡು ಗೋಕಾಕಕ್ಕೆ ಹೋದೆ. ಅತ್ತಿಯೂ ಜೊತೆಗೆ ಬಂದಳು. ಅವಳಿಗೆ ಪರಿಚಯದ ಒಬ್ಬ ಹಿರಿಯ ಚಿತ್ರಗಾರರ ಮನೆ. ಪಡಸಾಲೆಯಲ್ಲಿ ಗಣಪತಿಗಳು ಸಾಲಾಗಿ ಕೂತಿದ್ದವು, ಇನ್ನೂ ಕಣ್ಣು ಬರೆದಿರಲಿಲ್ಲ. ಸೀಜನ್ ಅಲ್ವಾ, ಮನೆಮಂದಿಯೆಲ್ಲ ಬಣ್ಣದ ಕೈ.

ನಾನು ಮನಸ್ಸಿನಲ್ಲೇ ಒಂದು ಭಾಷಣ ತಯಾರು ಮಾಡಿಕೊಂಡಿದ್ದೆ. ಹಳೆಯ ಕೃತಿ, ಸಂರಕ್ಷಣೆ, ಪರಂಪರೆ ಇತ್ಯಾದಿ. ಅವರು ಅದಕ್ಕೆಲ್ಲ ಕಿವಿ ಕೊಡದೆ ಮಾವನ್ನು ಎತ್ತಿ ತಿರುಗಿಸಿದರು. "ಮತ್ತ ಹಚ್ಚಿಕೊಡ್ಲೇನ್ರಿ? ಅರ್ಧ ದಿನದ ಕೆಲ್ಸ." ನನ್ನ ಎದೆ ಧಸಕ್ ಅಂತು. ಅತ್ತಿಯ ಮುಖ ಅರಳಿತು.

"ಅಲ್ರಿ, ಹಳೇದು ಹೋಗ್ತೈತಲ್ರಿ?" ಅಂದೆ.

"ಹೋಗ್ತೈತಿ" ಅಂದರು, ಅದರಲ್ಲೇನು ಅನ್ನುವ ಹಾಗೆ. "ನಮ್ಮ ಕೈಯಾಂದು ನಮ್ಮ ಕೈಯಾಗ ಹೋದ್ರ ಚಿಂತಿಲ್ಲ." ಆಮೇಲೆ ಕನ್ನಡಕ ಮೇಲೇರಿಸಿ ತೊಟ್ಟಿನ ಹತ್ತಿರ ಕಣ್ಣಿಟ್ಟರು. ತೊಟ್ಟಿನ ಬುಡಕ್ಕೆ ಅಂಟಿಸಿದ ಒಂದು ಸಣ್ಣ ಎಲೆ ಸಡಿಲವಾಗಿತ್ತು. ಅದನ್ನು ಉಗುರಿನಿಂದ ಸ್ವಲ್ಪ ಎತ್ತಿದರು. ಎಲೆಯ ಅಡಿಯಲ್ಲಿ, ಬೆಳಕು ಕಾಣದೆ ಉಳಿದಿದ್ದ ಬೇಳೆಯಷ್ಟು ಜಾಗದಲ್ಲಿ, ಕೆಂಪು ಇತ್ತು. ತುಕ್ಕಿನ ಬಣ್ಣ ಅಲ್ಲ, ನಿಜವಾದ ಮಾವಿನ ಭುಜದ ಕೆಂಪು, ಒಳಗಿನಿಂದ ಹಳದಿ ಮಿಣುಕುವ ಕೆಂಪು.

ಅವರು ಬಹಳ ಹೊತ್ತು ನೋಡಿದರು. ಮಗನನ್ನು ಕರೆದರು. ಮಗ ಬಂದು ನೋಡಿದ, ಫೋನಿನಲ್ಲಿ ಫೋಟೋ ತೆಗೆದ. ಇಬ್ಬರೂ ಹಳದಿಯ ಮೇಲೆ ಕೆಂಪು ಎಷ್ಟು ತೆಳ್ಳಗೆ ಎಳೆದಿದ್ದಾರೆ, ಮೇಲಿನ ಹೊಳಪಿನಲ್ಲೂ ಬಣ್ಣ ಕಲೆಸಿದ್ದಾರೋ ಇಲ್ಲವೋ ಅಂತ ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನಾನು, ಅತ್ತಿ ಸುಮ್ಮನೆ ನಿಂತಿದ್ದೆವು. ಕೊನೆಗೆ ಅವರು ಎಲೆಯನ್ನು ಮೆಲ್ಲಗೆ ಒತ್ತಿ ಕೂರಿಸಿದರು.

"ಇದಕ್ಕ ಹಚ್ಚೂದು ಬ್ಯಾಡ್ರಿ" ಅಂದರು. "ಇದು ಇರ್ಲಿ. ಇದನ್ನ ನೋಡಿ ಹೊಸಾದು ಮಾಡ್ತೀವಿ."

ದ್ಯಾಮವ್ವನ ಬಗ್ಗೆ ಅತ್ತಿ ಕೇಳಿದ್ದಕ್ಕೆ ಉತ್ತರವೂ ಇದರಲ್ಲೇ ಇದೆ ಅನ್ನಿಸ್ತು. ದೇವಿಗೆ ಪ್ರತಿ ಜಾತ್ರೆಗೂ ಬಣ್ಣ ಹಚ್ಚುವುದರಿಂದ ಹಚ್ಚುವ ಕೈಗೆ ಅಭ್ಯಾಸ ತಪ್ಪುವುದಿಲ್ಲ. ಅಪ್ಪ ಹಚ್ಚುವಾಗ ಮಗ ಬಣ್ಣ ಅರೆಯುತ್ತಾನೆ, ಮುಂದಿನ ಜಾತ್ರೆಗೆ ಮಗ ಹಚ್ಚುತ್ತಾನೆ. ಕೃತಿ ಅಳಿಸಿದರೂ ವಿದ್ಯೆ ಉಳಿಯುತ್ತೆ. ಪ್ಲಾಸ್ಟಿಕ್ ಹಣ್ಣು ಬಂದ ಮೇಲೆ ಗೋಕಾಕದ ಮಾವನ್ನು ಅಷ್ಟು ಸೂಕ್ಷ್ಮವಾಗಿ ಬರೆಸಿಕೊಳ್ಳುವ ಗಿರಾಕಿ ಕಡಿಮೆಯಾದ. ಕೈ ವರ್ಷವಿಡೀ ಬೇರೆ ಕೆಲಸ ಮಾಡುತ್ತೆ. ಇಂಥ ಹೊತ್ತಿನಲ್ಲಿ ಹಳೆಯ ಹಣ್ಣೇ ಪಠ್ಯಪುಸ್ತಕ. ಪುಸ್ತಕದ ಮೇಲೆ ಬಣ್ಣ ಬಳಿದರೆ ಓದುವುದು ಎಲ್ಲಿಂದ? ನಾನು ಅಜ್ಜನ ಎಂಜಿನ್ನಿಗೆ ಮಾಡಿದ್ದು ಅದನ್ನೇ.

ಹಾಗಾದರೆ ಬರೀ ಉಳಿಸಿಕೊಂಡರೆ ಸಾಕಾ? ಇಲ್ಲಿ ನಮ್ಮಂಥ ನಗರದವರ ಮೇಲೆ ನನಗೊಂದು ತಕರಾರಿದೆ. "ಪ್ಯಾಟಿನಾ" ಅಂತ ಬಾಯಿ ಚಪ್ಪರಿಸುತ್ತಾ ಹಳೆಯದನ್ನು ಮನೆಯ ಶೆಲ್ಫಿನಲ್ಲಿಟ್ಟು, ಫೋಟೋ ಹಾಕಿ, ಅದನ್ನು ಮಾಡುವವರಿಂದ ಹೊಸದೊಂದನ್ನೂ ಕೊಳ್ಳದೆ ಇರೋದು ನಮಗೆ ಸುಲಭ. ಮಾಸಿದ ಬಣ್ಣವನ್ನು ಪ್ರೀತಿಸೋದಕ್ಕೆ ದುಡ್ಡು ಬೇಕಿಲ್ಲ. ಹೊಸ ಬಣ್ಣ ಹಚ್ಚುವ ಕೈಗೆ ಸಂಬಳ ಬೇಕು. ಅತ್ತಿ ಆಯಿಲ್ ಪೇಂಟ್ ಡಬ್ಬಿಗೆ, ಕಾಕಾ ಗಾಜಿನ ಕಪಾಟಿಗೆ ಖರ್ಚು ಮಾಡಬೇಕೆಂದಿದ್ದ ದುಡ್ಡು ನಿಜವಾಗಿ ಹೋಗಬೇಕಾದ ಜಾಗ ಆ ಪಡಸಾಲೆ. ಹಳೆಯದಕ್ಕೆ ಕೈ ಹಚ್ಚಬೇಡಿ ಅನ್ನುವ ಹಕ್ಕು ಹೊಸದಕ್ಕೆ ಆರ್ಡರ್ ಕೊಟ್ಟವರಿಗೆ ಮಾತ್ರ ಇದೆ ಅಂತ ನನ್ನ ಲೆಕ್ಕ.

ನಿಮ್ಮ ಮನೆಯಲ್ಲೂ ಇಂಥದ್ದೇನಾದರೂ ಇದ್ದರೆ ನಾನು ಕಲಿತದ್ದಿಷ್ಟು. ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ. ಅಂಟು, ಸುಣ್ಣದಂಥ ಬಿಳಿ ಲೇಪಗಳ ಮೇಲೆ ನಿಂತ ಬಣ್ಣ ನೀರು ತಾಕಿದರೆ ಎದ್ದು ಬರುತ್ತೆ. ಮೆತ್ತನೆಯ ಒಣ ಬ್ರಶ್ಶಿನಲ್ಲಿ ಧೂಳು ತೆಗೆಯಿರಿ, ಅದೂ ಬಣ್ಣ ಗಟ್ಟಿಯಾಗಿದ್ದ ಕಡೆ ಮಾತ್ರ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಡಬೇಡಿ, ಹಳೆಯ ಹತ್ತಿ ಬಟ್ಟೆಯೇ ಒಳ್ಳೆಯದು. ಮರದಿಂದ ಸಣ್ಣ ಪುಡಿ ಉದುರುತ್ತಿದ್ದರೆ ಹುಳು ಇದೆ ಅಂತ, ಆ ಒಂದನ್ನು ಬೇರೆ ಇಡಿ. ಪದರ ಏಳುತ್ತಿದ್ದರೆ ಫೆವಿಕಾಲ್ ಕಡೆ ಕೈ ಹೋಗುವ ಮೊದಲು ಬಲ್ಲವರನ್ನು ಕೇಳಿ. ಬೆಂಗಳೂರಿನಲ್ಲೇ ಇಂಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರ ಇದೆ. ಏನೇ ಮಾಡುವ ಮೊದಲು ಎಲ್ಲ ಮಗ್ಗುಲಿಂದ ಫೋಟೋ ತೆಗೆಯಿರಿ. ಬರೆದ ಅಕ್ಷರ ಇದ್ದರೆ ಎರಡು ಫೋಟೋ.

ಹಬ್ಬಕ್ಕೆ ಎರಡು ದಿನ ಮೊದಲು ಹೊಸ ಮಾವು ಬಂತು. ಮರದ್ದಲ್ಲ, ಕಾಗದದ ಮುದ್ದೆಯದು, ಕೈಗೆ ಇನ್ನೂ ಹಗುರ. ಚುಕ್ಕಿಗಳು ಸ್ವಲ್ಪ ದೊಡ್ಡವಾಗಿದ್ದವು. ಕೆಂಪು ಎಲೆಯಡಿಯ ಕೆಂಪಿಗೆ ಹತ್ತಿರ ಬಂದಿತ್ತು, ಪೂರ್ತಿ ಅಲ್ಲ. ಸೊನೆಯ ಕಲೆ ಮಾತ್ರ ಹಳೆಯದಕ್ಕಿಂತ ಚೆನ್ನಾಗಿತ್ತು, ಅದು ಮಗ ಬರೆದದ್ದಂತೆ. ಹುಕ್ಕೇರಿಯಲ್ಲಿ ಗಣಪತಿಯ ಮುಂದೆ ಅತ್ತಿ ಹೊಸದನ್ನು ಮುಂದಿಟ್ಟಳು, ಹಳೆಯದನ್ನು ಅದರ ಹಿಂದೆ, ನೆರಳಿನಲ್ಲಿ. ಮೂಡಲಗಿಯಿಂದ ಬಂದ ಕಾಕಾ ಎರಡನ್ನೂ ನೋಡಿ, "ಹೊಸಾದು ಅಷ್ಟೇನ್ ಬರೋಬರಿ ಬಂದಿಲ್ಲ ಬಿಡ್ರಿ" ಅಂದ.

ಸಂಜೆ ಪಕ್ಕದ ಮನೆಯ ಮೂರು ವರ್ಷದ ಕೂಸು ಆರತಿ ಹೊತ್ತಿಗೆ ಬಂದು, ಯಾರೂ ನೋಡದಾಗ ಹೊಸ ಮಾವನ್ನು ಎತ್ತಿಕೊಂಡು ಹಲ್ಲೂರಿತು. ತೊಟ್ಟಿನ ಪಕ್ಕ ಎರಡು ಸಣ್ಣ ಹಲ್ಲಿನ ಗುರುತು ಬಿದ್ದಿದೆ. ಅತ್ತಿ ಬೈಯಲಿಲ್ಲ. "ಇದಕ್ಕ ಬಣ್ಣಾ ಹಚ್ಚಸಂಗಿಲ್ಲ ನೋಡ ತಮ್ಮಾ" ಅಂತ ನಗುತ್ತಾ, ಎರಡು ಮಾವನ್ನೂ ಆಯಿಯ ಸೀರೆಯಲ್ಲಿ ಒಟ್ಟಿಗೆ ಸುತ್ತಿ ಟ್ರಂಕಿನಲ್ಲಿಟ್ಟಳು.